‘ಡಿಸ್‌ಪ್ಲೇ ಬರ್ತಿಲ್ಲ, ದುಡ್ಡು ವಾಪಸ್ ಹಾಕಿ’: ಹಳೇ ಕಂಪ್ಯೂಟರ್ ಬಿಡಿಭಾಗ ಮಾರಿದ ಮೇಲೆ ತಕರಾರು ಬಂದರೆ

ಪ್ರಶ್ನೆ: 2022ರಲ್ಲಿ ಕೊಂಡಿದ್ದ ಎನ್‌ವಿಡಿಯಾ ಆರ್‌ಟಿಎಕ್ಸ್ 3060, 12 ಜಿಬಿ ಗ್ರಾಫಿಕ್ಸ್ ಕಾರ್ಡನ್ನು ಆನ್‌ಲೈನ್‌ನಲ್ಲಿ ಜಾಹೀರಾತು ಹಾಕಿ ಪುಣೆಯವರೊಬ್ಬರಿಗೆ 16,500 ರೂಪಾಯಿಗೆ ಮಾರಿದೆ. ದುಡ್ಡು ಯುಪಿಐನಲ್ಲಿ ಬಂತು, ಕಾರ್ಡನ್ನು ಕೊರಿಯರ್ ಮಾಡಿದೆ. ತಲುಪಿದ ಮೂರನೇ ದಿನ ‘ಡಿಸ್‌ಪ್ಲೇ ಬರ್ತಿಲ್ಲ, ಪೂರ್ತಿ ದುಡ್ಡು ಹಾಕಿ, ಆಮೇಲೆ ಕಾರ್ಡ್ ಕಳಿಸ್ತೀನಿ, ಇಲ್ಲದಿದ್ರೆ ಸೈಬರ್ ಕ್ರೈಮ್‌ಗೆ ದೂರು ಕೊಡ್ತೀನಿ’ ಎಂದು ಮೆಸೇಜ್ ಹಾಕಿದ್ದಾರೆ. ನನ್ನ ಹತ್ತಿರ ಇದ್ದಾಗ ಕಾರ್ಡ್ ಚೆನ್ನಾಗಿತ್ತು. ಕಳಿಸುವ ಮುಂಚೆ ಗೇಮ್ ಓಡಿಸಿದ ಎರಡು ನಿಮಿಷದ ವಿಡಿಯೋ ಇದೆ, ಬಾಕ್ಸ್‌ನ ಫೋಟೋ ಇದೆ. ಸೀರಿಯಲ್ ನಂಬರ್ ಬರೆದಿಟ್ಟುಕೊಂಡಿಲ್ಲ. ಏನು ಮಾಡಲಿ? ಇದೇ ಸಿಸ್ಟಮ್ಮಿನ ಮದರ್‌ಬೋರ್ಡ್, ಪ್ರೊಸೆಸರ್, ಹಾರ್ಡ್‌ಡಿಸ್ಕ್ ಕೂಡ ಮಾರುವುದಿದೆ.
ಓದುಗರು, ದಾವಣಗೆರೆ

ಉತ್ತರ:

ಈಗಲೇ ದುಡ್ಡು ಹಾಕಬೇಡಿ. ಹಾಗಂತ ‘ಕೊಡಲ್ಲ, ಏನ್ ಮಾಡ್ತೀರೋ ಮಾಡ್ಕೊಳ್ಳಿ’ ಎಂದೂ ಬರೆಯಬೇಡಿ. ನಂಬರ್ ಬ್ಲಾಕ್ ಮಾಡುವುದಂತೂ ಬೇಡವೇ ಬೇಡ. ನಾಳೆ ದೂರು ಹೋದರೆ, ದುಡ್ಡು ತೆಗೆದುಕೊಂಡು ಫೋನ್ ಎತ್ತದವರು ಎಂಬ ಚಿತ್ರ ನಿಮ್ಮ ಮೇಲೆ ಬೀಳುತ್ತದೆ.

‘ಅವರು ಸುಳ್ಳು ಹೇಳುತ್ತಿದ್ದಾರಾ’ ಎಂಬಲ್ಲಿಂದ ಹೊರಟರೆ ಇಂಥ ಜಗಳ ಬಗೆಹರಿಯುವುದಿಲ್ಲ. ತಿಳಿಯಬೇಕಾದ್ದು ಮೂರು, ಅದೂ ಇದೇ ಕ್ರಮದಲ್ಲಿ. ಅವರ ಕೈಯಲ್ಲಿರುವುದು ನೀವು ಕಳಿಸಿದ ಕಾರ್ಡೇನಾ? ತೊಂದರೆ ಕಾರ್ಡಿನದೋ, ಅವರ ಸಿಸ್ಟಮ್ಮಿನದೋ? ಕಾರ್ಡಿನದೇ ಆದರೆ, ಕೆಟ್ಟದ್ದು ಯಾರ ಕೈಯಲ್ಲಿದ್ದಾಗ? ದುಡ್ಡಿನ ಮಾತು ಇವು ಮುಗಿದ ಮೇಲೆ. ‘ಡಿಸ್‌ಪ್ಲೇ ಇಲ್ಲ’ ಎನ್ನುವ ದೂರುಗಳಲ್ಲಿ ಒಳ್ಳೇ ಪಾಲು ಕಾರ್ಡಿಗೆ ಸಂಬಂಧವೇ ಇಲ್ಲದವು, ಹಾಗಾಗಿ ಕೊಂಡವರನ್ನು ಕಳ್ಳರೆಂದು ಎಣಿಸುವ ಮುಂಚೆ ಕೇಬಲ್ ಎಲ್ಲಿಗೆ ಚುಚ್ಚಿದ್ದಾರೆ ಅಂತ ಕೇಳುವುದು ಲೇಸು.

ಇವತ್ತೇ ಅವರಿಗೆ ತಿಳಿಯುವ ಭಾಷೆಯಲ್ಲಿ ಹೀಗೊಂದು ಮೆಸೇಜ್ ಹಾಕಿ: ‘ನಿಮ್ಮ ಮೆಸೇಜ್ ನೋಡಿದೆ. ಕಾರ್ಡಿನಲ್ಲೇ ದೋಷ ಇದೆ, ಅದು ಕಳಿಸುವ ಮುಂಚಿನದು ಎಂದಾದರೆ ಕಾರ್ಡ್ ವಾಪಸ್ ಪಡೆದು ಪೂರ್ತಿ ದುಡ್ಡು ಕೊಡುತ್ತೇನೆ. ಅದಕ್ಕೂ ಮುಂಚೆ ಈ ಫೋಟೋಗಳು, ಈ ವಿವರ ಬೇಕು. ಕಾರ್ಡನ್ನು ಬಿಚ್ಚಬೇಡಿ, ಬಾಕ್ಸ್ ಎಸೆಯಬೇಡಿ.’ ಇದರಲ್ಲಿ ತಪ್ಪೊಪ್ಪಿಗೆ ಇಲ್ಲ, ಜಾರಿಕೊಳ್ಳುವಿಕೆಯೂ ಇಲ್ಲ. ಫೋನಿನಲ್ಲಿ ಮಾತಾಡಿದರೂ ಆಮೇಲೆ ಅದರ ಸಾರವನ್ನು ಮೆಸೇಜಿನಲ್ಲಿ ಬರೆದು ಹಾಕಿ.

ಅದೇ ಕಾರ್ಡಾ?

ಕೇಳಬೇಕಾದ ಫೋಟೋಗಳು: ಸೀರಿಯಲ್ ಸ್ಟಿಕ್ಕರ್, ಕಾರ್ಡಿನ ಹಿಂಭಾಗ ಪೂರ್ತಿ, ಹಿಂದಿನ ಸ್ಕ್ರೂಗಳ ಹತ್ತಿರದ ಚಿತ್ರ, ಸ್ಲಾಟಿಗೆ ಕೂರುವ ಚಿನ್ನದ ಬಣ್ಣದ ಅಂಚು, ಎರಡೂ ಬದಿ, ಪವರ್ ಕನೆಕ್ಟರಿನ ಒಳಗು, ಬಾಕ್ಸಿನ ಆರೂ ಮೈ, ಕೊರಿಯರ್ ಲೇಬಲ್ ಸಮೇತ.

ಸೀರಿಯಲ್ ನಂಬರ್ ಬರೆದಿಟ್ಟುಕೊಳ್ಳದ್ದು ತಪ್ಪೇ ಸರಿ, ಆದರೆ ದಾರಿ ಮುಚ್ಚಿಲ್ಲ. 2022ರ ಬಿಲ್ ತೆಗೆದು ನೋಡಿ, ಬಹಳಷ್ಟು ಅಂಗಡಿಗಳು ಗ್ರಾಫಿಕ್ಸ್ ಕಾರ್ಡಿನ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಹಾಕಿರುತ್ತವೆ. ಕಂಪನಿಯ ವಾರಂಟಿಗೆ ನೋಂದಣಿ ಮಾಡಿದ್ದರೆ ಇಮೇಲ್‌ನಲ್ಲಿ ಸಿಗುತ್ತದೆ. ಮೂಲ ಡಬ್ಬಿ ಮನೆಯಲ್ಲೇ ಉಳಿದಿದ್ದರೆ ಅದರ ಬಾರ್‌ಕೋಡ್ ಪಕ್ಕದಲ್ಲಿದೆ. ಇದ್ಯಾವುದೂ ಇಲ್ಲದಿದ್ದರೆ ಜಾಹೀರಾತಿಗೆ ತೆಗೆದ ಫೋಟೋಗಳನ್ನೇ ದೊಡ್ಡದು ಮಾಡಿ ನೋಡಿ. ಸ್ಟಿಕ್ಕರನ್ನು ಕಿತ್ತು ಇನ್ನೊಂದು ಕಾರ್ಡಿಗೆ ಅಂಟಿಸಬಹುದು, ಹಾಗಾಗಿ ಸೀರಿಯಲ್ ಒಂದನ್ನೇ ನಂಬುವುದೂ ಸಾಲದು. ನಕಲು ಮಾಡಲು ಕಷ್ಟವಾದ ಗುರುತು ಬೇರೆ ಇದೆ: ಜಿಪಿಯುವಿನ, ಅಂದರೆ ಕಾರ್ಡಿನ ಮುಖ್ಯ ಚಿಪ್ಪಿನ, ಸುತ್ತ ಹಿಂದುಗಡೆ ಇರುವ ನಾಲ್ಕು ಸ್ಕ್ರೂಗಳು. ಪ್ರತಿ ಸ್ಕ್ರೂವಿನ ‘ಪ್ಲಸ್’ ಗೀರು ಯಾವ ಕೋನದಲ್ಲಿ ನಿಂತಿದೆ ಎಂಬುದು ಕಾರ್ಡಿನಿಂದ ಕಾರ್ಡಿಗೆ ಬೇರೆ. ನಾಲ್ಕೂ ಅದೇ ಕೋನದಲ್ಲಿದ್ದರೆ ಅದು ನಿಮ್ಮದೇ ಕಾರ್ಡು, ಬಹುಮಟ್ಟಿಗೆ ಯಾರೂ ಬಿಚ್ಚಿಯೂ ಇಲ್ಲ. ಗೀರುಗಳು ತಿರುಗಿದ್ದು, ಉಳಿದ ಗುರುತೆಲ್ಲ ಹೊಂದಿದರೆ ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ಭಾಗ) ತೆಗೆದಿದ್ದಾರೆ ಎಂದರ್ಥ. ದೂಳು ಕೂತ ರೀತಿ, ಲೋಹದ ಪಟ್ಟಿಯ ಮೇಲಿನ ಗೀಚು, ಬೋರ್ಡಿನ ಮೇಲೆ ಬಿಳಿಯಲ್ಲಿ ಅಚ್ಚಾದ ಅಂಕಿಗಳು ಇವೂ ನೆರವಾಗುತ್ತವೆ.

ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಕಾರ್ಡಿನ ಬಯೋಸ್ (ಚಿಪ್ಪಿನಲ್ಲೇ ಇರುವ ಮೂಲ ತಂತ್ರಾಂಶ) ಆವೃತ್ತಿ, ಮೆಮೊರಿ ಚಿಪ್ ಯಾವ ಕಂಪನಿಯದು ಎಂಬುದನ್ನು ತೋರಿಸುತ್ತದೆ, ಸೀರಿಯಲ್ ನಂಬರ್ ತೋರಿಸುವುದಿಲ್ಲ. ನೀವು ಅದರ ಸ್ಕ್ರೀನ್‌ಶಾಟ್ ಯಾವಾಗಲಾದರೂ ತೆಗೆದಿದ್ದರೆ ಹುಡುಕಿ. ನಿಮ್ಮದರಲ್ಲಿ ಸ್ಯಾಮ್‌ಸಂಗ್ ಮೆಮೊರಿ ಇದ್ದು, ವಾಪಸ್ ಬಂದ ಕಾರ್ಡಿನಲ್ಲಿ ಹೈನಿಕ್ಸ್ ಇದ್ದರೆ ಮಾತು ಅಲ್ಲಿಗೇ ಮುಗಿಯಿತು.

ತೊಂದರೆ ಎಲ್ಲಿದೆ?

ಪುಣೆಯವರಿಗೆ ಮೊದಲು ಕೇಳಬೇಕಾದ್ದು: ಯಾವ ಪ್ರೊಸೆಸರ್, ಯಾವ ಮದರ್‌ಬೋರ್ಡ್, ಯಾವ ಎಸ್‌ಎಂಪಿಎಸ್ (ಸಿಸ್ಟಮ್ಮಿಗೆ ಕರೆಂಟ್ ಕೊಡುವ ಡಬ್ಬಿ), ಎಷ್ಟು ವಾಟ್, ಇದಕ್ಕೂ ಮುಂಚೆ ಯಾವ ಕಾರ್ಡ್ ಹಾಕಿದ್ದರು. ಉತ್ತರದಲ್ಲೇ ಅರ್ಧ ಕಾರಣ ಸಿಕ್ಕರೂ ಸಿಕ್ಕೀತು. ಆಮೇಲೆ ಈ ಪರೀಕ್ಷೆಗಳನ್ನು ವಿಡಿಯೋ ಕಾಲ್‌ನಲ್ಲೇ ಮಾಡಿಸಿ, 20 ನಿಮಿಷದ ಕೆಲಸ.

ಮಾನಿಟರಿನ ಕೇಬಲ್ ಕಾರ್ಡಿಗೇ ಹೋಗಿದೆಯೇ, ಮದರ್‌ಬೋರ್ಡಿನ ಎಚ್‌ಡಿಎಂಐಗೆ ಹೋಗಿದೆಯೇ? ನಗು ಬರಬಹುದು, ಆದರೆ ಮೊದಲ ಸಲ ಕಾರ್ಡ್ ಹಾಕುವವರು ಇಲ್ಲಿ ಎಡವುವುದೇ ಹೆಚ್ಚು. ಮಾನಿಟರಿನಲ್ಲಿ ಸರಿಯಾದ ಇನ್‌ಪುಟ್ ಆರಿಸಿದ್ದಾರೆಯೇ, ಕಾರ್ಡಿನ ಬೇರೆ ಪೋರ್ಟಿನಲ್ಲಿ, ಬೇರೆ ಕೇಬಲ್ಲಿನಲ್ಲಿ ಬರುತ್ತದೆಯೇ ನೋಡಿಸಿ. ಕಾರ್ಡ್ ಸ್ಲಾಟಿನೊಳಗೆ ಪೂರ್ತಿ ಕೂತು ಕೊನೆಯ ಕ್ಲಿಪ್ ‘ಟಕ್’ ಎಂದಿದೆಯೇ? ಕ್ಯಾಬಿನೆಟ್ಟಿನ ಲೋಹದ ಪಟ್ಟಿ ತಗುಲಿ ಹಿಂಬದಿ ಒಂದೆರಡು ಮಿಲಿಮೀಟರ್ ಮೇಲೆ ನಿಂತಿದ್ದರೂ ಡಿಸ್‌ಪ್ಲೇ ಬರುವುದಿಲ್ಲ.

ಫ್ಯಾನ್ ತಿರುಗುತ್ತಿಲ್ಲ ಎಂದರೆ ಕಾರ್ಡ್ ಸತ್ತಿದೆ ಎಂದಲ್ಲ. ಈ ವರ್ಗದ ಬಹುತೇಕ ಕಾರ್ಡುಗಳಲ್ಲಿ ಬಿಸಿ ಏರುವವರೆಗೆ ಫ್ಯಾನ್ ನಿಂತೇ ಇರುತ್ತದೆ. ಆನ್ ಮಾಡಿದ ಕ್ಷಣ ಒಮ್ಮೆ ತಿರುಗಿ ನಿಂತರೆ ಕಾರ್ಡಿಗೆ ಕರೆಂಟ್ ಹೋಗುತ್ತಿದೆ.

ಇನ್ನು ಪವರ್. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಕಾರ್ಡ್ ಸುಡುವುದೂ ಇಲ್ಲೇ. 3060 ಕಾರ್ಡಿನ ವಿದ್ಯುತ್ ಮಿತಿ 170 ವಾಟ್. ಸ್ಲಾಟಿನಿಂದ 75 ವಾಟ್ ಮಾತ್ರ ಸಿಗುತ್ತದೆ, ಉಳಿದದ್ದು 150 ವಾಟಿನ 8 ಪಿನ್ ಕನೆಕ್ಟರಿನಿಂದ ಬರಬೇಕು. ಎನ್‌ವಿಡಿಯಾ ಹೇಳುವುದು 550 ವಾಟಿನ ಎಸ್‌ಎಂಪಿಎಸ್. ಕ್ಯಾಬಿನೆಟ್ ಜತೆ ಪುಕ್ಕಟೆ ಬರುವ ‘450 ವಾಟ್’ ಡಬ್ಬಿಗಳಲ್ಲಿ 8 ಪಿನ್ ಕೇಬಲ್ಲೇ ಇರುವುದಿಲ್ಲ. ಆಗ ಜನ ಹಾರ್ಡ್‌ಡಿಸ್ಕಿಗೆ ಕರೆಂಟ್ ಕೊಡುವ ಸಾಟಾ ಕನೆಕ್ಟರಿನಿಂದ 8 ಪಿನ್ನಿಗೆ ಬದಲಿಸುವ ಅಡಾಪ್ಟರ್ ತಂದು ಚುಚ್ಚುತ್ತಾರೆ. ಸಾಟಾ ಕನೆಕ್ಟರಿನ 12 ವೋಲ್ಟ್ ಸಾಲು ತಡೆಯುವುದು 4.5 ಆಂಪಿಯರ್, ಅಂದರೆ 54 ವಾಟ್. ಕಾರ್ಡ್ ಅದರಿಂದ ನೂರು ವಾಟ್ ಎಳೆದಾಗ ಸಿಸ್ಟಮ್ ಆಫ್ ಆಗುತ್ತದೆ, ಇಲ್ಲವೇ ಪ್ಲಾಸ್ಟಿಕ್ ಕರಗುತ್ತದೆ. ಇನ್ನೂ ಕೆಟ್ಟ ತಪ್ಪೊಂದಿದೆ. ಪ್ರೊಸೆಸರಿಗೆ ಹೋಗುವ 4+4 ಪಿನ್ ಕೇಬಲ್ಲೂ ಕಾರ್ಡಿಗೆ ಹೋಗುವ 6+2 ಪಿನ್ ಕೇಬಲ್ಲೂ ನೋಡಲು ಒಂದೇ ಥರ. ಆದರೆ ಒಂದರಲ್ಲಿ 12 ವೋಲ್ಟ್ ಇರುವ ಸಾಲಿನಲ್ಲಿ ಇನ್ನೊಂದರಲ್ಲಿ ಗ್ರೌಂಡ್ ಇದೆ. ಪಿನ್‌ಗಳ ಆಕಾರ ಬೇರೆಯಾದ್ದರಿಂದ ಸುಲಭಕ್ಕೆ ಹೋಗುವುದಿಲ್ಲ, ಬಲ ಹಾಕಿ ತುರುಕಿದರೆ ಹೋಗುತ್ತದೆ. ಹೋದರೆ ಶಾರ್ಟ್. ಬಿಚ್ಚಿ ಜೋಡಿಸುವ ಕೇಬಲ್ಲುಗಳ ಎಸ್‌ಎಂಪಿಎಸ್‌ನಲ್ಲಿ ಬೇರೆ ಮಾಡೆಲ್ಲಿನ ಕೇಬಲ್ ಹಾಕಿದರೂ ಇದೇ ಕಥೆ. ಕನೆಕ್ಟರಿನ ಒಳಗಿನ ಫೋಟೋ ಕೇಳಿದ್ದು ಇದಕ್ಕೇ: ಕಂದಿದ ಪ್ಲಾಸ್ಟಿಕ್, ಸವೆದ ಮೂಲೆ ಕಂಡರೆ ಉತ್ತರ ಅಲ್ಲೇ ಇದೆ. ನೀವು ಕಳಿಸುವ ಮುಂಚಿನ ಫೋಟೋದಲ್ಲಿ ಅದು ಚೊಕ್ಕವಾಗಿ ಕಾಣಬೇಕು, ಅಷ್ಟೆ.

ಅವರದು ಕಚೇರಿಗಳಿಂದ ಹರಾಜಿಗೆ ಬಂದ ಹಳೇ ಬ್ರಾಂಡೆಡ್ ಡೆಸ್ಕ್‌ಟಾಪ್ ಆಗಿದ್ದರೆ ಎಸ್‌ಎಂಪಿಎಸ್ ಸಾಲದಿರುವುದಲ್ಲದೆ, ಬಯೋಸ್ ಹೊಸ ಕಾರ್ಡನ್ನು ಗುರುತಿಸದಿರುವುದೂ ಉಂಟು. ಬಯೋಸ್ ಅಪ್‌ಡೇಟ್ ಮಾಡಿ ನೋಡಲಿ. ಕಾರ್ಡನ್ನು ರೈಸರ್ ಕೇಬಲ್ (ಕಾರ್ಡಿಗೂ ಸ್ಲಾಟಿಗೂ ನಡುವೆ ಹಾಕುವ ಕೇಬಲ್) ಮೂಲಕ ಹಾಕಿದ್ದರೆ ಅದನ್ನು ತೆಗೆದು ನೇರ ಸ್ಲಾಟಿಗೆ ಹಾಕಿಸಿ. ಸ್ಲಾಟಿನ ಮಾನದಂಡದ ಹಳೇ ಮೂರನೇ ಪೀಳಿಗೆಗೆ ಮಾಡಿದ ರೈಸರಿನಲ್ಲಿ ನಾಲ್ಕನೇ ಪೀಳಿಗೆಯ ಕಾರ್ಡ್ ಮೌನವಾಗಿ ಕೂತುಬಿಡುವುದುಂಟು.

ಪ್ರೊಸೆಸರಿನಲ್ಲೇ ಡಿಸ್‌ಪ್ಲೇ ಇದ್ದರೆ, ಮಾನಿಟರನ್ನು ಮದರ್‌ಬೋರ್ಡಿಗೆ ಹಾಕಿ ವಿಂಡೋಸ್ ಏರಿಸಿ ಡಿವೈಸ್ ಮ್ಯಾನೇಜರಿನಲ್ಲಿ ಕಾರ್ಡ್ ಕಾಣುತ್ತದೆಯೇ ನೋಡಬಹುದು. ಕಂಡರೆ ಜಿಪಿಯು-ಝಡ್ ಸ್ಕ್ರೀನ್‌ಶಾಟ್ ತರಿಸಿಕೊಳ್ಳಿ. ಹೆಸರಿನ ಕೊನೆಗೆ ‘ಎಫ್’ ಇರುವ ಇಂಟೆಲ್ ಪ್ರೊಸೆಸರುಗಳಲ್ಲಿ, ಎಎಂಡಿಯ ರೈಜನ್ 5 5600ರಂಥವುಗಳಲ್ಲಿ ಒಳಗೇ ಡಿಸ್‌ಪ್ಲೇ ಇಲ್ಲ, ಹಾಗಾಗಿ ಅಲ್ಲಿ ಈ ದಾರಿ ಇಲ್ಲ.

ಲಕ್ಷಣವನ್ನೂ ಬಿಡಿಸಿ ಕೇಳಿ. ಮೊದಲಿಂದಲೂ ಕಪ್ಪೇ ಕಪ್ಪೋ, ಬಯೋಸ್ ಪರದೆ ಬಂದು ವಿಂಡೋಸ್ ಏರುವಾಗ ಕಪ್ಪಾಗುತ್ತದೋ? ಎರಡನೆಯದಾದರೆ ಮೊದಲ ಅನುಮಾನ ಹಳೇ ಡ್ರೈವರಿನ ಮೇಲೆ. ಸೇಫ್ ಮೋಡಿನಲ್ಲಿ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಓಡಿಸಿ, ಹೊಸದಾಗಿ ಹಾಕಲಿ. ಗೇಮ್ ಶುರುವಾದೊಡನೆ ಇಡೀ ಸಿಸ್ಟಮ್ ಪಟ್ಟನೆ ಆಫ್ ಆದರೆ ಎಸ್‌ಎಂಪಿಎಸ್. ಬಯೋಸ್ ಪರದೆಯಲ್ಲೇ ಬಣ್ಣದ ಚುಕ್ಕಿ, ಚೌಕಳಿ, ಅಡ್ಡಗೆರೆ ಕಂಡರೆ ಮಾತ್ರ ಕಾರ್ಡಿನ ಮೆಮೊರಿ ಅಥವಾ ಜಿಪಿಯುವಿನ ಬೆಸುಗೆಯೇ ಹೋಗಿರುವ ಸಂಭವ ಹೆಚ್ಚು. ಅಲ್ಲಿ ಡ್ರೈವರಿನ ಪಾತ್ರವೇ ಇಲ್ಲ.

ಇಷ್ಟಾದರೂ ತೀರದಿದ್ದರೆ, ಬೇರೊಂದು ಸಿಸ್ಟಮ್ಮಿನಲ್ಲಿ ಹಾಕಿ ನೋಡುವುದೊಂದೇ ತೀರ್ಪು. ಅವರೂರಿನ ಯಾವುದಾದರೂ ಕಂಪ್ಯೂಟರ್ ರಿಪೇರಿ ಅಂಗಡಿಗೆ ಒಯ್ಯಲಿ, ಅಂಗಡಿಯವರು ಸೀರಿಯಲ್ ನಂಬರ್ ಸಮೇತ ಒಂದು ಚೀಟಿಯಲ್ಲಿ ಕಂಡದ್ದನ್ನು ಬರೆದುಕೊಡಲಿ. ಕಾರ್ಡಿನದೇ ದೋಷವಾದರೆ ಅಂಗಡಿಯ ಶುಲ್ಕ ನಿಮ್ಮದು, ಅಲ್ಲವಾದರೆ ಅವರದು ಎಂದು ಮುಂಚೆಯೇ ಒಪ್ಪಿಸಿ. ಪ್ರಾಮಾಣಿಕವಾಗಿ ಗೊಂದಲದಲ್ಲಿರುವವರು ಇದಕ್ಕೆ ತಕ್ಷಣ ಒಪ್ಪುತ್ತಾರೆ. ಫೋಟೋ ಕೊಡದೆ, ಅಂಗಡಿಗೆ ಹೋಗದೆ, ದುಡ್ಡು ದುಡ್ಡು ಎನ್ನುವವರ ವಿಷಯ ಬೇರೆ.

ಕೆಟ್ಟದ್ದು ಯಾವಾಗ?

ಕಾರ್ಡಿನದೇ ದೋಷ ಎಂದು ಖಚಿತವಾಯಿತು ಅನ್ನಿ. ದಾರಿಯಲ್ಲಿ ಕೆಟ್ಟ ಕಾರ್ಡಿಗೆ ಗುರುತುಗಳಿರುತ್ತವೆ. ಭಾರವಾದ ಹೀಟ್‌ಸಿಂಕ್ ಇರುವ ಕಾರ್ಡ್ ಮೂಲೆಗೆ ಬಿದ್ದಾಗ ಬೋರ್ಡ್ ಬಾಗಿ, ಸ್ಲಾಟಿನ ಕ್ಲಿಪ್ ಹಿಡಿಯುವ ಕೊಕ್ಕೆಯ ಹತ್ತಿರ ಕೂದಲೆಳೆಯ ಬಿರುಕು ಬೀಳುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದರೆ ಕಾಣುತ್ತದೆ. ಲೋಹದ ಪಟ್ಟಿ ಸೊಟ್ಟಗಾಗಿರುವುದು, ಫ್ಯಾನಿನ ರೆಕ್ಕೆ ಮುರಿದಿರುವುದು, ಬಾಕ್ಸಿನ ಅದೇ ಮೂಲೆ ಜಜ್ಜಿರುವುದು ಇವೆಲ್ಲ ಒಂದಕ್ಕೊಂದು ತಾಳೆಯಾಗಬೇಕು. ಬಾಕ್ಸ್ ಹೊಸದರಂತಿದ್ದು ಕಾರ್ಡ್ ಮಾತ್ರ ಬಿರುಕು ಬಿಟ್ಟಿದ್ದರೆ, ನೀವು ಒಳಗೆ ಸಾಲದಷ್ಟು ಮೆತ್ತೆ ಇಟ್ಟಿದ್ದೀರಿ, ಇಲ್ಲವೇ ಅವರು ಕೂರಿಸುವಾಗ ಒತ್ತಿ ಬಾಗಿಸಿದ್ದಾರೆ.

ದಾರಿಯ ನಷ್ಟ ಯಾರದು? ಸರಕು ಮಾರಾಟ ಕಾಯ್ದೆ, 1930ರ ಸೆಕ್ಷನ್ 39ರ ಪ್ರಕಾರ ಕೊಂಡವರಿಗೆ ತಲುಪಿಸಲೆಂದು ಸಾಗಣೆದಾರರ ಕೈಗೆ ಕೊಟ್ಟರೆ, ಮೇಲ್ನೋಟಕ್ಕೆ ಅದು ಕೊಂಡವರಿಗೇ ಕೊಟ್ಟಂತೆ. ಆದರೆ ಸರಕಿನ ಸ್ವರೂಪಕ್ಕೆ ತಕ್ಕ ಸಾಗಣೆ ಒಪ್ಪಂದ ಮಾಡುವ ಹೊಣೆ ಮಾರುವವರದು ಎಂದೂ ಅದೇ ಸೆಕ್ಷನ್ ಹೇಳುತ್ತದೆ. ಆದ್ದರಿಂದ ಪೇಪರಿನಲ್ಲಿ ಸುತ್ತಿ, ಮೌಲ್ಯ ನಮೂದಿಸದೆ ಕಳಿಸಿ ‘ದಾರೀದು ನಂಗೊತ್ತಿಲ್ಲ’ ಎಂದರೆ ನಿಲ್ಲುವುದಿಲ್ಲ. ಕೊರಿಯರಿನವರಿಂದ ಪರಿಹಾರದ ಆಸೆಯನ್ನೂ ಅಳತೆಯಲ್ಲಿಟ್ಟುಕೊಳ್ಳಿ. ಅಂಚೆ ಇಲಾಖೆಯ ಸ್ಪೀಡ್ ಪೋಸ್ಟ್‌ನಲ್ಲಿ ವಿಮೆ ಮಾಡದ ವಸ್ತು ಕಳೆದರೆ ಸಿಗುವ ಪರಿಹಾರ, ಕಟ್ಟಿದ ಶುಲ್ಕದ ಎರಡರಷ್ಟು ಅಥವಾ 1,000 ರೂಪಾಯಿ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಖಾಸಗಿ ಕೊರಿಯರುಗಳೂ ರಸೀದಿಯ ಹಿಂದೆ ಇಂಥದೇ ಮಿತಿ ಅಚ್ಚು ಹಾಕಿರುತ್ತವೆ. ಬಾಕ್ಸ್ ಜಜ್ಜಿದ್ದು ಕಂಡರೆ, ಕೊಂಡವರು ತೆಗೆದುಕೊಳ್ಳುವಾಗಲೇ ಫೋಟೋ ತೆಗೆದು ಡೆಲಿವರಿ ದಾಖಲೆಯಲ್ಲಿ ಬರೆಸಿದ್ದರೆ ಮಾತ್ರ ಮುಂದಿನ ಮಾತು. ನಿಮ್ಮ ಸಂದರ್ಭದಲ್ಲಿ ಮೂರು ದಿನ ಕಳೆದಿದೆ.

ದಾರಿಯ ಪೆಟ್ಟು ನಿಜವೆಂದು ಕಂಡರೆ ಸಮಪಾಲು ಹಂಚಿಕೊಳ್ಳುವುದು ನ್ಯಾಯ ಎಂಬುದು ನನ್ನ ಅಭಿಪ್ರಾಯ. ಕಾರ್ಡ್ ವಾಪಸ್ ಪಡೆದು, ಚಿಪ್ ಮಟ್ಟದ ರಿಪೇರಿ ಮಾಡುವವರಿಗೆ ತೋರಿಸಿ. ಬೆಂಗಳೂರಿನ ಎಸ್‌ಪಿ ರೋಡ್ ಸುತ್ತಮುತ್ತ ಅಂಥವರಿದ್ದಾರೆ. ಖರ್ಚು ಅರ್ಧರ್ಧ. ರಿಪೇರಿ ಆಗದಿದ್ದರೆ ನಷ್ಟವೂ ಅರ್ಧರ್ಧ.

ದೋಷ ಕಳಿಸುವ ಮುಂಚಿನದೇ ಎಂದಾದರೆ ಚೌಕಾಸಿಗೆ ಹೋಗಬೇಡಿ. ಪೂರ್ತಿ ದುಡ್ಡು, ಹೋಗಿ ಬರುವ ಕೊರಿಯರ್ ಎರಡೂ ನಿಮ್ಮ ಲೆಕ್ಕ. ಎರಡು ನಿಮಿಷದ ಗೇಮ್ ವಿಡಿಯೋ ಇಲ್ಲಿ ನಿಮ್ಮನ್ನು ಪೂರ್ತಿ ಕಾಯುವುದಿಲ್ಲ: ಮೆಮೊರಿಯ ದೋಷ ಎಷ್ಟೋ ಸಲ ಕಾರ್ಡ್ ಚೆನ್ನಾಗಿ ಕಾದ ಮೇಲೆ, 20-30 ನಿಮಿಷಕ್ಕೆ ಮುಖ ತೋರಿಸುತ್ತದೆ. ಕಾರ್ಡ್ ಸರಿ ಇದೆ, ಅವರ ಸಿಸ್ಟಮ್ಮಿಗೆ ಹೊಂದುತ್ತಿಲ್ಲ ಎಂದಾದರೆ ವಾಪಸ್ ತೆಗೆದುಕೊಳ್ಳುವ ಕಟ್ಟುಪಾಡು ನಿಮಗಿಲ್ಲ. ಮನಸ್ಸಿದ್ದರೆ ಎರಡೂ ಕಡೆಯ ಕೊರಿಯರ್ ಖರ್ಚು ಹಿಡಿದುಕೊಂಡು ತೆಗೆದುಕೊಳ್ಳಿ. ಫ್ಯಾನ್ ಕರಕರ ಎನ್ನುತ್ತದೆ, ಒಂದು ಪೋರ್ಟ್ ಕೆಲಸ ಮಾಡುತ್ತಿಲ್ಲ ಎಂಬಂಥ ಸಣ್ಣ ದೋಷಕ್ಕೆ, ಫ್ಯಾನಿನ ಬೆಲೆಯಷ್ಟು ದುಡ್ಡು ಮರಳಿಸಿ ಮುಗಿಸುವುದು ಎರಡು ಸಲ ಪಾರ್ಸೆಲ್ ಓಡಾಡಿಸುವುದಕ್ಕಿಂತ ಅಗ್ಗ. ಹಾಗೆ ಮುಗಿಸಿದರೆ ‘ಈ ಕಾರ್ಡಿನ ವ್ಯವಹಾರ ಪೂರ್ತಿ ಇತ್ಯರ್ಥವಾಗಿದೆ’ ಎಂದು ಅವರಿಂದ ಮೆಸೇಜ್ ಬರೆಸಿಕೊಂಡೇ ದುಡ್ಡು ಹಾಕಿ.

ವಾಪಸ್ ಪಡೆಯುವ ಕ್ರಮ

ಮೊದಲು ಕಾರ್ಡ್, ಆಮೇಲೆ ದುಡ್ಡು. ಇದರಲ್ಲಿ ಸಡಿಲ ಬೇಡ. ಯುಪಿಐನಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಹೋದ ದುಡ್ಡನ್ನು ಹಾಕಿದವರು ತಾವಾಗಿ ಎಳೆದುಕೊಳ್ಳಲು ಬರುವುದಿಲ್ಲ. ನೀವು ಹಾಕಿದ ಮೇಲೆ ಅವರು ಕಾರ್ಡ್ ಕಳಿಸದಿದ್ದರೆ ನೀವೂ ಅದೇ ಬಾವಿಗೆ ಬಿದ್ದಂತೆ. ಅವರಿಗೂ ಇದೇ ಭಯ ಇರುತ್ತದೆ, ಅದು ಸಹಜ. ನಿಮ್ಮ ಊರಿನವರೋ ಪುಣೆಯವರೋ ಇಬ್ಬರಿಗೂ ನಂಬಿಕೆಯಿರುವ ಒಬ್ಬರು ನಡುವೆ ಸಿಕ್ಕರೆ ದುಡ್ಡು ಅವರ ಹತ್ತಿರ ಇರಲಿ. ಸಿಗದಿದ್ದರೆ ‘ಕಾರ್ಡ್ ತಲುಪಿ, ನನ್ನದೇ ಎಂದು ಗುರುತಾಗಿ, ಪರೀಕ್ಷೆ ಮುಗಿದ 24 ಗಂಟೆಯೊಳಗೆ ದುಡ್ಡು ಹಾಕುತ್ತೇನೆ’ ಎಂದು ಬರೆದುಕೊಡಿ. ಆ ಮೆಸೇಜೇ ಅವರ ಕೈಯ ಆಧಾರ. ‘ಈ ಕ್ಯೂಆರ್ ಸ್ಕ್ಯಾನ್ ಮಾಡಿ ರೀಫಂಡ್ ಮಾಡಿ’ ಎಂದು ಬೇರೆ ಹೆಸರಿನ ಕೋಡ್ ಕಳಿಸಿದರೆ ಹಾಕಬೇಡಿ, ದುಡ್ಡು ಬಂದ ಖಾತೆಗೇ ಮರಳಿ ಹೋಗಬೇಕು.

ಅವರು ಪ್ಯಾಕ್ ಮಾಡುವುದನ್ನು, ನೀವು ಬಿಚ್ಚುವುದನ್ನು ಒಂದೇ ಓಟದಲ್ಲಿ, ಎಲ್ಲೂ ಕತ್ತರಿಸದೆ ಚಿತ್ರೀಕರಿಸಬೇಕು. ಮೊದಲು ಲೇಬಲ್ಲಿನ ಟ್ರ್ಯಾಕಿಂಗ್ ನಂಬರ್ ಓದುವಂತೆ, ಆಮೇಲೆ ಆರೂ ಮೈ, ಅಂಚುಗಳ ಟೇಪು, ಆಮೇಲೆ ಬಿಚ್ಚುವುದು, ಕೊನೆಗೆ ಸೀರಿಯಲ್ ಮತ್ತು ಸ್ಕ್ರೂಗಳು. ಅನ್‌ಬಾಕ್ಸಿಂಗ್ ವಿಡಿಯೋವನ್ನು ದೇವರ ಸಾಕ್ಷಿ ಎಂಬಂತೆ ನೆಚ್ಚುವವರಿದ್ದಾರೆ. ತಳದಿಂದ ಬಿಚ್ಚಿ, ಬದಲಿಸಿ, ಮತ್ತೆ ಅಂಟಿಸಿ, ಮೇಲಿನಿಂದ ವಿಡಿಯೋ ಮಾಡುವುದು ಕಷ್ಟವೇನಲ್ಲ. ತಳ ಕಾಣದ ವಿಡಿಯೋಗೆ ಬೆಲೆ ಕಡಿಮೆ.

‘ಸೈಬರ್ ಕ್ರೈಮ್‌ಗೆ ಕೊಡ್ತೀನಿ’

ಮೋಸದ ಅಪರಾಧ, ಅಂದರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 318, ಸಾಬೀತಾಗಲು ವ್ಯವಹಾರದ ಹೊತ್ತಿಗೇ ವಂಚಿಸುವ ಉದ್ದೇಶ ಇತ್ತೆಂದು ತೋರಬೇಕು. ಕಾರ್ಡ್ ಕಳಿಸಿ, ಪ್ರಶ್ನೆಗೆ ಉತ್ತರಿಸುತ್ತಿರುವವರ ಮೇಲೆ ಅದು ಸುಲಭವಲ್ಲ. ಹಾಗಂತ ಬೆದರಿಕೆಯನ್ನು ಹಗುರವಾಗಿ ಕಾಣಲೂಬೇಡಿ. ಸೈಬರ್ ವಂಚನೆಯ ದೂರಿಗಿರುವ 1930 ಸಹಾಯವಾಣಿಗೆ ದೂರು ಹೋದರೆ, ಗುಣದೋಷ ತೀರ್ಮಾನವಾಗುವ ಮುಂಚೆಯೇ ಬ್ಯಾಂಕ್ ನಿಮ್ಮ ಖಾತೆಯಲ್ಲಿ ಆ ಮೊತ್ತವನ್ನು ತಡೆಹಿಡಿಯಬಹುದು. ಅದನ್ನು ಬಿಡಿಸಲು ದೂರು ದಾಖಲಾದ ಠಾಣೆಗೆ ದಾಖಲೆ ಕೊಡಬೇಕಾಗುತ್ತದೆ. ಆದ್ದರಿಂದ ಈಗಲೇ ಒಂದು ಫೋಲ್ಡರ್ ಮಾಡಿ: ಜಾಹೀರಾತಿನ ಸ್ಕ್ರೀನ್‌ಶಾಟ್, ಮೀಡಿಯಾ ಸಮೇತ ಎಕ್ಸ್‌ಪೋರ್ಟ್ ಮಾಡಿದ ವಾಟ್ಸ್ಆ್ಯಪ್ ಚಾಟ್, ಯುಪಿಐ ವಹಿವಾಟಿನ ಸಂಖ್ಯೆ, ಕೊರಿಯರ್ ರಸೀದಿ, ಡೆಲಿವರಿ ಪುರಾವೆ, 2022ರ ಬಿಲ್. ವಿಡಿಯೋದ ಮೂಲ ಫೈಲ್ ಫೋನಿನಿಂದ ಅಳಿಸಬೇಡಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಪ್ರತಿ ಕುಗ್ಗಿರುತ್ತದೆ, ತೆಗೆದ ದಿನಾಂಕದ ಮಾಹಿತಿಯೂ ಕಳೆದಿರುತ್ತದೆ. ಕೋರ್ಟಿನವರೆಗೆ ಹೋದರೆ ಇಂಥ ಡಿಜಿಟಲ್ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಬೇಕು.

ಕೊಂಡವರ ಫೋಟೋ, ನಂಬರ್, ವಿಳಾಸ ಗ್ರೂಪುಗಳಲ್ಲಿ ಹಾಕಿ ‘ಫ್ರಾಡ್’ ಎಂದು ಬರೆಯುವ ಚಾಳಿ ಬೇಡ. ಇತ್ಯರ್ಥವಾಗುತ್ತಿದ್ದ ಜಗಳವನ್ನು ಅದು ಮಾನನಷ್ಟದ ಕಡೆಗೆ ಒಯ್ಯುತ್ತದೆ.

ಮನೆಯ ಹಳೇ ವಸ್ತು ಒಂದೆರಡು ಮಾರುವುದಕ್ಕೂ, ಕೊಂಡು ಮಾರುವುದನ್ನೇ ಕಸುಬು ಮಾಡಿಕೊಳ್ಳುವುದಕ್ಕೂ ಕಾನೂನಿನಲ್ಲಿ ಅಂತರವಿದೆ. ಕಸುಬಾದರೆ ನೀವು ವ್ಯಾಪಾರಿ, ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ನಿಮ್ಮ ಮೇಲೆ ಬರುತ್ತದೆ. ಆ ಕಾಯ್ದೆಯಲ್ಲಿ ದೂರುದಾರರು ತಾವು ವಾಸಿಸುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಹಾಕಬಹುದು, ಅಂದರೆ ಪುಣೆಯಲ್ಲಿ. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ.

ವಿವರಣೆ ನೋಡಿ ಕೊಂಡ ವಸ್ತು ಆ ವಿವರಣೆಗೆ ಹೊಂದಬೇಕು ಎಂಬ ನಿಯಮ, ಅಂದರೆ 1930ರ ಸರಕು ಮಾರಾಟ ಕಾಯ್ದೆಯ ಸೆಕ್ಷನ್ 15, ನೀವು ವ್ಯಾಪಾರಿಯಾಗದಿದ್ದರೂ ಅನ್ವಯಿಸುತ್ತದೆ. ಜಾಹೀರಾತಿನಲ್ಲಿ ನೀವು ಏನು ಬರೆದಿದ್ದೀರಿ ಎಂಬುದನ್ನು ಇವತ್ತೇ ತೆಗೆದು ಓದಿಕೊಳ್ಳಿ. ‘ಮೈನಿಂಗ್‌ಗೆ ಬಳಸಿದ್ದೀರಾ’ (ಕ್ರಿಪ್ಟೊ ಕರೆನ್ಸಿ ಗಳಿಸಲು ಓಡಿಸಿದ್ದೀರಾ) ಎಂದು ಅವರು ಕೇಳಿ ನೀವು ಸುಳ್ಳು ಹೇಳಿದ್ದರೆ, ಮೇಲಿನ ಲೆಕ್ಕವೆಲ್ಲ ತಿರುವುಮುರುವು.

ಮುಂದಿನ ಮೂರು ವಸ್ತು

ಜಾಹೀರಾತಿನಲ್ಲಿ ‘100% ಓಕೆ’, ‘ಹೊಸದರಂತಿದೆ’ ಬೇಡ. ಬದಲಿಗೆ ಯಾವ ಪರೀಕ್ಷೆ, ಎಷ್ಟು ಹೊತ್ತು, ಏನು ಬಂತು ಎಂದು ಬರೆಯಿರಿ, ಇರುವ ಕೊರತೆಯನ್ನೂ ಬರೆಯಿರಿ. ಹಳೇ ಮಾಲಿನ ಮಾರುಕಟ್ಟೆಯಲ್ಲಿ ‘ಟೆಸ್ಟಿಂಗ್ ವಾರಂಟಿ’ ಎನ್ನುವ ಪದ್ಧತಿ ಇದೆಯಲ್ಲ, ಅದನ್ನೇ ಬಳಸಿ: ‘ತಲುಪಿದ 48 ಗಂಟೆ ಟೆಸ್ಟಿಂಗ್ ವಾರಂಟಿ. ಸ್ಕ್ರೂ ಬಿಚ್ಚಿದರೆ, ಪಿನ್ ಬಾಗಿದರೆ, ಕನೆಕ್ಟರ್ ಸುಟ್ಟರೆ ಇಲ್ಲ.’ ದುಡ್ಡು ತೆಗೆದುಕೊಳ್ಳುವ ಮುಂಚೆ ಅವರಿಂದ ‘ಒಪ್ಪಿಗೆ’ ಎಂಬ ಮೆಸೇಜ್ ಬರಲಿ. ಅವರ ಸಿಸ್ಟಮ್ಮಿನ ವಿವರವನ್ನೂ ಆಗಲೇ ಕೇಳಿದರೆ ಅರ್ಧ ತಕರಾರು ಹುಟ್ಟುವುದೇ ಇಲ್ಲ.

ಮದರ್‌ಬೋರ್ಡ್ ಮೂರರಲ್ಲಿ ಅತಿ ಅಪಾಯದ್ದು. ಇಂಟೆಲ್ ಬೋರ್ಡುಗಳಲ್ಲಿ ಪಿನ್‌ಗಳು ಬೋರ್ಡಿನ ಸಾಕೆಟ್ಟಿನಲ್ಲೇ ಇವೆ, ಕೂದಲಿನಷ್ಟು ತೆಳ್ಳಗೆ. ಒಂದು ಬಾಗಿದರೂ ರ್‍ಯಾಮಿನ ಒಂದು ಚಾನೆಲ್ ಹೋಗಬಹುದು, ಬೋರ್ಡೇ ಏಳದಿರಬಹುದು. ಬಾಗಿಸಿದ್ದು ನೀವೋ ಅವರೋ ಎಂದು ಆಮೇಲೆ ಯಾರಿಂದಲೂ ಹೇಳಲಾಗದು. ಬೆಳಕನ್ನು ಓರೆಯಾಗಿ ಬಿಟ್ಟು ಸಾಕೆಟ್ಟಿನ ಹತ್ತಿರದ ಫೋಟೋವನ್ನು ನಾಲ್ಕೂ ದಿಕ್ಕಿನಿಂದ ತೆಗೆಯಿರಿ. ಬಾಗಿದ ಪಿನ್ ಇದ್ದರೆ ಹೊಳಪಿನ ಸಾಲು ಅಲ್ಲಿ ತುಂಡಾಗಿ ಕಾಣುತ್ತದೆ. ಪ್ಲಾಸ್ಟಿಕ್ ಮುಚ್ಚಳ ಹಾಕಿಯೇ ಕಳಿಸಿ. ಮುಚ್ಚಳ ಕಳೆದಿದ್ದರೆ ಹೊಸದು ತಂದು ಹಾಕಿ, ಇಲ್ಲದೆ ಕೊರಿಯರ್ ಮಾಡಲೇಬೇಡಿ. ದೊಡ್ಡ ಟವರ್ ಕೂಲರನ್ನು ಬೋರ್ಡಿನ ಮೇಲೆ ಬಿಟ್ಟು ಕಳಿಸಬಾರದು, ಒಂದು ಬೀಳು ಸಾಕು ಬೋರ್ಡ್ ಹರಿಯಲು. ಬೋರ್ಡನ್ನು ಆ್ಯಂಟಿಸ್ಟ್ಯಾಟಿಕ್ ಕವರಿಗೆ ಹಾಕಿ, ಬಬಲ್ ರ್‍ಯಾಪ್ ಸುತ್ತಿ, ಒಂದು ಡಬ್ಬಿಯಲ್ಲಿಟ್ಟು, ಆ ಡಬ್ಬಿಯನ್ನು ಇನ್ನೊಂದರೊಳಗೆ ಸುತ್ತಲೂ 5 ಸೆಂಟಿಮೀಟರ್ ಮೆತ್ತೆ ಬಿಟ್ಟು ಇಡಿ. ಬಬಲ್ ರ್‍ಯಾಪ್ ನೇರ ಬೋರ್ಡಿಗೆ ತಾಗಬಾರದು, ಸ್ಥಿರ ವಿದ್ಯುತ್ ಹುಟ್ಟುತ್ತದೆ.

ಪ್ರೊಸೆಸರಿನಲ್ಲಿ ಬರುವ ತಕರಾರು ಬಹುಪಾಲು ಹೊಂದಾಣಿಕೆಯದು. ಇಂಟೆಲ್ ಎಂಟನೇ ಪೀಳಿಗೆಯ ಪ್ರೊಸೆಸರ್ 1151 ಸಾಕೆಟ್ಟಿನದೇ ಆದರೂ 100, 200 ಸರಣಿಯ ಬೋರ್ಡಿನಲ್ಲಿ ಓಡುವುದಿಲ್ಲ. ಬಿ450 ಬೋರ್ಡಿನಲ್ಲಿ ರೈಜನ್ 5000 ಓಡಬೇಕಾದರೆ ಬಯೋಸ್ ಹೊಸದಾಗಿರಬೇಕು. ನಿಮ್ಮದು ಎಎಂ4 ಸಾಕೆಟ್ಟಿನ ರೈಜನ್ ಆಗಿದ್ದರೆ, ಕೂಲರ್ ತೆಗೆಯುವ ಮುಂಚೆ ಹತ್ತು ನಿಮಿಷ ಸಿಸ್ಟಮ್ ಓಡಿಸಿ, ಆಫ್ ಮಾಡಿ, ಪೇಸ್ಟ್ ಮೆತ್ತಗಿದ್ದಾಗಲೇ ಕೂಲರನ್ನು ಎಡಕ್ಕೆ ಬಲಕ್ಕೆ ತಿರುಚಿ ಬಿಡಿಸಿ. ನೇರ ಎಳೆದರೆ ಪ್ರೊಸೆಸರ್ ಕೂಲರಿಗೆ ಅಂಟಿಕೊಂಡೇ ಸಾಕೆಟ್ಟಿನಿಂದ ಕಿತ್ತು ಬರುತ್ತದೆ, ಪಿನ್ ಬಾಗುತ್ತದೆ. ಮೇಲ್ಮೈ ಒರೆಸಿ, ಮೇಲಿನ ಅಕ್ಷರ-ಅಂಕಿಗಳೂ ಕೆಳಗಿನ ಪಿನ್‌ಗಳೂ ಕಾಣುವಂತೆ ಫೋಟೋ ತೆಗೆಯಿರಿ.

ಹಾರ್ಡ್‌ಡಿಸ್ಕ್ ಇದ್ದುದರಲ್ಲಿ ಸುಲಭ, ಏಕೆಂದರೆ ಅದರ ಸೀರಿಯಲ್ ನಂಬರನ್ನು ತಂತ್ರಾಂಶವೇ ಓದುತ್ತದೆ, ಸ್ಟಿಕ್ಕರ್ ಬದಲಿಸಿ ಪ್ರಯೋಜನವಿಲ್ಲ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ (ಡಿಸ್ಕಿನ ಆರೋಗ್ಯ ತೋರಿಸುವ ತಂತ್ರಾಂಶ) ತೆರೆದು ಪೂರ್ತಿ ಪರದೆಯ ಚಿತ್ರವನ್ನು ಜಾಹೀರಾತಿನಲ್ಲೇ ಹಾಕಿ: ಎಷ್ಟು ಗಂಟೆ ಓಡಿದೆ, 05, ಸಿ5, ಸಿ6 ಸಾಲುಗಳ ಅಂಕಿ ಎಷ್ಟು (ಕೆಟ್ಟ ಇಲ್ಲವೇ ಅನುಮಾನದ ಸೆಕ್ಟರುಗಳ, ಅಂದರೆ ಡಿಸ್ಕಿನ ಪುಟ್ಟ ತುಣುಕುಗಳ, ಲೆಕ್ಕ ಇವು). ಆ ಅಂಕಿಗಳು ಹದಿನಾರರ ಎಣಿಕೆಯಲ್ಲಿ ಇರುವುದರಿಂದ, ಸೆಟ್ಟಿಂಗ್‌ನಲ್ಲಿ ಹತ್ತರ ಎಣಿಕೆಗೆ ಬದಲಿಸಿಯೇ ಚಿತ್ರ ತೆಗೆಯಿರಿ. ಈ ಮೂರೂ ಸೊನ್ನೆ ಇರಬೇಕು. ಸಿ5ರಲ್ಲಿ ಒಂದೆರಡು ಕಂಡರೂ ಆ ಡಿಸ್ಕನ್ನು ‘ಕೆಲಸ ಮಾಡುತ್ತದೆ’ ಎಂದು ಮಾರಬೇಡಿ, ವಾರದೊಳಗೆ ಫೋನ್ ಬರಬಹುದು. ಮಾರುವ ಮುಂಚೆ ಕ್ವಿಕ್ ಫಾರ್ಮ್ಯಾಟ್ ಸಾಲದು, ಅದು ಸೂಚಿಯನ್ನಷ್ಟೇ ಅಳಿಸುತ್ತದೆ, ಫೋಟೋ ಬಿಲ್ಲುಗಳೆಲ್ಲ ಮರಳಿ ಸಿಗುತ್ತವೆ. ವಿಂಡೋಸ್‌ನಲ್ಲಿ ‘ಕ್ವಿಕ್ ಫಾರ್ಮ್ಯಾಟ್’ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಕೊಡಿ. ಒಂದು ಟೆರಾಬೈಟಿಗೆ ಕೆಲವು ಗಂಟೆ ಹಿಡಿಯುತ್ತದೆ. ಮುಗಿದ ಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋವನ್ನು ಇನ್ನೊಮ್ಮೆ ನೋಡಿ. ಇಡೀ ಡಿಸ್ಕಿನ ಮೇಲೆ ಬರೆದಾಗ ಅಡಗಿದ್ದ ಕೆಟ್ಟ ಸೆಕ್ಟರುಗಳು ಹೊರಗೆ ಬರುತ್ತವೆ. ಜಾಹೀರಾತಿಗೆ ಹಾಕಬೇಕಾದ ಚಿತ್ರ ಈ ಎರಡನೆಯದು.